ಅಳುವ ತೂತು

ಡೀಸೆಲ್ ಗಾಡಿಯ ಕೆಳಗೆ ಹಸಿ ಕಂಡರೆ ಮೊದಲು ಏನು ಮಾಡಬೇಕು? ಹತ್ತು ಜನರನ್ನು ಕೇಳಿ ನೋಡಿ. ಒಂಬತ್ತು ಮಂದಿ ‘ಎಲ್ಲಿ ಸೋರ್ತಿದೆಯೋ ಅಲ್ಲಿ ಟೈಟ್ ಮಾಡ್ಬೇಕು’ ಅಂತಾರೆ. ಹತ್ತನೆಯವರು ಮಿಸ್ತ್ರಿ ಆಗಿದ್ದರೆ ಮಾತ್ರ ‘ಮೊದ್ಲ ಒರಸ್ರಿ’ ಅಂತಾರೆ. ಪಾನಾ ಆಮೇಲೆ.

ಈ ಎರಡು ಉತ್ತರಗಳ ನಡುವಿನ ಅಂತರದ ಬಗ್ಗೆ ನಾನು ಸುಮಾರು ದಿನದಿಂದ ಯೋಚನೆ ಮಾಡ್ತಿದ್ದೀನಿ. ಗ್ಯಾರೇಜಿನ ವಿಷಯ ನಮಗ್ಯಾಕೆ ಅಂತ ಪುಟ ತಿರುವಬೇಡಿ. ಏನೋ ಕಳೆದುಹೋದಾಗ ನಾವು ಯಾರ ಕಡೆ ತಿರುಗಿ ನೋಡ್ತೀವಿ, ಯಾಕೆ ಅವರ ಕಡೆಗೇ ನೋಡ್ತೀವಿ ಅನ್ನೋದು ಇಲ್ಲಿರೋ ಪ್ರಶ್ನೆ. ಗಾಡಿ ಬರೀ ನೆಪ ಅಂತ ಹೇಳಲಾರೆ. ಗಾಡಿಯಿಂದಲೇ ನನಗೆ ಇದು ಅರ್ಥ ಆದದ್ದು.

ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು. ಐವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ದಾರಿ. ಕಾಗದದಲ್ಲಿ ರಾಷ್ಟ್ರೀಯ ಹೆದ್ದಾರಿ 150ಎ. ನೌಕರಿಯ ಕಾರಣಕ್ಕೆ ಈ ದಾರಿಯಲ್ಲಿ ಓಡಾಡಿ ಓಡಾಡಿ ಪಕ್ಕದ ಗ್ಯಾರೇಜುಗಳೆಲ್ಲ ಮುಖಪರಿಚಯ. ಸಿಂಧನೂರಿನ ಕಡೆ ಭತ್ತ, ರೈಸ್ ಮಿಲ್ಲು, ಟ್ರ್ಯಾಕ್ಟರು. ಲಿಂಗಸುಗೂರಿನ ಕಡೆ ಹೋದಂತೆ ಮಳೆ ನಂಬಿದ ಹೊಲ, ತೊಗರಿ, ಅದರಾಚೆ ಹಟ್ಟಿಯ ಚಿನ್ನದ ಗಣಿ. ಎರಡೂ ಕಡೆ ಓಡೋದು ಡೀಸೆಲ್ಲಿನ ಮೇಲೆ. ಬೇರೆ ಊರಲ್ಲಿ ಗುಜರಿಗೆ ಹೋಗುವಂಥ ಗಾಡಿಗಳು ಇಲ್ಲಿ ಇನ್ನೂ ಕೂಲಿಯವರನ್ನು, ಗೊಬ್ಬರದ ಚೀಲವನ್ನು ಹೊತ್ತುಕೊಂಡು ಓಡ್ತಾವೆ. ಆದ್ದರಿಂದ ಸೋರಿಕೆ ಅನ್ನೋದು ಇಲ್ಲಿ ದಿನದ ಮಾತು.

ಹಳೆ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯ ದಾರಿ ಸರಳ. ಫೀಡ್ ಪಂಪ್ ಅನ್ನೋ ಸಣ್ಣ ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳುತ್ತದೆ. ಫಿಲ್ಟರಿನಿಂದ ದೊಡ್ಡ ಪಂಪಿಗೆ. ಅದಕ್ಕೆ ನಮ್ಮ ಕಡೆ ಇವತ್ತಿಗೂ ‘ಮೈಕೋ ಪಂಪ್’ ಅಂತಲೇ ಹೆಸರು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಭಾಷೆ ಬದಲಾಗಿಲ್ಲ. ಆ ಪಂಪು ಡೀಸೆಲ್ಲಿಗೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು-ಇನ್ನೂರು ಪಟ್ಟು ಒತ್ತಡ ಕೊಟ್ಟು, ಉಕ್ಕಿನ ಸಣ್ಣ ಪೈಪುಗಳಲ್ಲಿ ಇಂಜೆಕ್ಟರಿಗೆ ಕಳಿಸುತ್ತದೆ. ಹೆಚ್ಚಾದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಇಷ್ಟೇ. ಈ ದಾರಿಯಲ್ಲಿ ಮೂರು ಥರದ ಸೋರಿಕೆ ಆಗಬಹುದು.

ಒಂದನೆಯದು ಎಲ್ಲರಿಗೂ ಗೊತ್ತಿರೋದು, ಹೊರಗೆ ಸೋರೋದು. ಆದರೆ ಅದನ್ನು ಹುಡುಕೋದು ಅಂದುಕೊಂಡಷ್ಟು ಸುಲಭ ಅಲ್ಲ. ಮೇಲೆ ಒಂದು ನಟ್ಟಿನಲ್ಲಿ ಒಸರಿದ ಡೀಸೆಲ್ ಪೈಪಿನ ಮೇಲೆ ಜಾರಿ, ಬ್ರಾಕೆಟ್ಟಿನ ಬೆನ್ನು ಹತ್ತಿ, ಎಂಜಿನ್ನಿನ ಗೋಡೆಗುಂಟ ಇಳಿದು, ಕೊನೆಗೆ ಎಲ್ಲಕ್ಕಿಂತ ಕೆಳಗಿರೋ ಒಂದು ಬೋಲ್ಟಿನ ತುದಿಯಿಂದ ಹನಿ ಹನಿ ಬೀಳುತ್ತೆ. ನೋಡಿದವರಿಗೆ ಆ ಬೋಲ್ಟೇ ಕಳ್ಳ. ಪಾಪ, ಅದಕ್ಕೂ ಡೀಸೆಲ್ಲಿಗೂ ಸಂಬಂಧವೇ ಇರೋದಿಲ್ಲ. ಅದರ ಅಪರಾಧ ಒಂದೇ, ಎಲ್ಲರಿಗಿಂತ ಕೆಳಗಿರೋದು.

ಅದಕ್ಕೇ ಮಿಸ್ತ್ರಿ ಮೊದಲು ಒರೆಸ್ತಾನೆ. ವರ್ಷಗಟ್ಟಲೆ ಕೂತ ಎರೆಮಣ್ಣಿನ ಧೂಳು, ಗ್ರೀಸು ಎಲ್ಲ ತೆಗೆದು, ಒಣಬಟ್ಟೆಯಲ್ಲಿ ಉಜ್ಜಿ, ಮೇಲೆ ಸೀಮೆಸುಣ್ಣದ ಪುಡಿಯನ್ನೋ ಮುಖಕ್ಕೆ ಹಚ್ಚೋ ಪೌಡರನ್ನೋ ಉದುರಿಸ್ತಾನೆ. ಎಂಜಿನ್ ಚಾಲೂ ಮಾಡಿ ಬೀಡಿ ಸೇದೋಕೆ ದೂರ ಹೋಗ್ತಾನೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ. ಅದರ ತುದಿ ಹಿಡಿದು ಮೇಲಕ್ಕೆ ಹೋಗಬೇಕು, ಕೆಳಕ್ಕಲ್ಲ. ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲಿ ಒಂದು ಕಾಪರ್ ವಾಷರ್ ಗಟ್ಟಿಯಾಗಿ ಕೂತಿರುತ್ತೆ. ತಾಮ್ರ ಒತ್ತಡ ತಿಂದು ತಿಂದು ಬಿರುಸಾಗುತ್ತೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಸಂದು ತುಂಬೋದಿಲ್ಲ, ನೂಲು ಹರಿಯುತ್ತೆ ಅಷ್ಟೇ. ಹೊಸದು ಹಾಕಬೇಕು, ಇಲ್ಲಾ ಅದನ್ನೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಳ್ಳಬೇಕು. ಬಿಗಿ ಮಾಡೋದೇ ರಿಪೇರಿ ಅಂತ ತಿಳಿದವರಿಗೆ ಈ ಮೆತ್ತಗೆ ಮಾಡೋ ರಿಪೇರಿ ನಂಬೋದು ಕಷ್ಟ.

ನಡುವೆ ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಇಂಜೆಕ್ಟರಿನ ಪೈಪುಗಳಲ್ಲಿ ಸೋರಿಕೆ ಇದೆಯಾ ಅಂತ ಎಂಜಿನ್ ಓಡ್ತಿರುವಾಗ ಕೈಯಿಂದ ಸವರಿ ನೋಡಬೇಡಿ. ಕೂದಲೆಳೆಯಷ್ಟು ಬಿರುಕಿನಿಂದ ಬರೋ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ಬೆರಳು, ಕೈ ಕೊಳೆಯುವ ಅಪಾಯ. ಸಣ್ಣದು ಅಂತ ಮನೆಗೆ ಹೋಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ, ಕೈ ಬೇಡ.

ಎರಡನೆಯದು ಕಾಣದ ಸೋರಿಕೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ ಡೀಸೆಲ್ಲನ್ನು ತಳ್ಳೋದಿಲ್ಲ, ಎಳೀತಾರೆ. ಅಲ್ಲಿ ಪೈಪು ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರೋದಕ್ಕಿಂತ ಗಾಳಿ ಒಳಗೆ ಹೋಗೋದೇ ಹೆಚ್ಚು. ನೆಲ ಒಣಗಿರುತ್ತೆ, ಗಾಡಿ ಮಾತ್ರ ಬೆಳಿಗ್ಗೆ ಎದ್ದರೆ ಚಾಲೂ ಆಗೋದಿಲ್ಲ, ಏರಿನಲ್ಲಿ ದಮ್ಮು ಕಟ್ಟುತ್ತೆ. ಇದನ್ನು ಹಿಡಿಯೋಕೆ ನಡುವೆ ಪಾರದರ್ಶಕ ಪೈಪಿನ ತುಂಡು ಹಾಕಿ ಗುಳ್ಳೆ ಬರ್ತಾವಾ ಅಂತ ನೋಡ್ತಾರೆ. ಗುಳ್ಳೆ ಕಂಡರೆ ಹಿಂದಕ್ಕೆ ಹೋಗ್ತಾ ಒಂದೊಂದೇ ಜಾಯಿಂಟ್ ನೋಡ್ಕೊಂಡು ಬರಬೇಕು, ಆಮೇಲೆ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ ಗಾಳಿ ತೆಗೀಬೇಕು. ಇದರ ಬಗ್ಗೆ ಹೆಚ್ಚು ಹೇಳೋದಿಲ್ಲ. ನನಗೆ ಕಾಡಿದ್ದು ಮೂರನೆಯದು.

ಮೂರನೆಯದು ಒಳಗಿಂದ ಒಳಕ್ಕೇ ಸೋರೋದು. ಡೀಸೆಲ್ ಹೊರಗೂ ಬರೋದಿಲ್ಲ, ಗಾಳಿಯೂ ಒಳಗೆ ಹೋಗೋದಿಲ್ಲ. ಡೀಸೆಲ್ ಹೋಗಿ ಎಂಜಿನ್ ಆಯಿಲ್ಲಿನಲ್ಲಿ ಸೇರಿಕೊಳ್ಳುತ್ತೆ. ಟ್ಯಾಂಕಿನಲ್ಲಿ ಕಡಿಮೆ ಆಗ್ತದೆ, ಆಯಿಲ್ ಮಾತ್ರ ಹೆಚ್ಚಾಗ್ತದೆ. ಹಳೆ ಗಾಡಿ ಇಟ್ಟುಕೊಂಡವರಿಗೆ ಆಯಿಲ್ ಕಡಿಮೆ ಆಗೋದೇ ದೊಡ್ಡ ಚಿಂತೆ. ಕಡಿಮೆ ಆಗ್ತಿಲ್ಲ ಅಂದರೆ ಒಳಗೊಳಗೇ ಖುಷಿ. ಆ ಖುಷಿಯಲ್ಲೇ ಎಂಜಿನ್ ಹಾಳಾಗೋದು. ಡೀಸೆಲ್ ಬೆರೆತ ಆಯಿಲ್ ನೀರಿನಂತಾಗಿ ಬೇರಿಂಗುಗಳನ್ನು ಕಾಯೋದಿಲ್ಲ. ಮಟ್ಟ ಬಹಳ ಏರಿದರೆ ಎಂಜಿನ್ ಆ ಆಯಿಲ್ಲನ್ನೇ ಎಳೆದು ಉರಿಸಿಕೊಂಡು ಹುಚ್ಚು ಹಿಡಿದಂತೆ ಓಡಬಹುದು. ಆಗ ಬಂದ್ ಮಾಡಿದರೂ ಬಂದ್ ಆಗೋದಿಲ್ಲ.

ಹೋದ ವರ್ಷ ಭತ್ತದ ನಾಟಿ ಹೊತ್ತಿನಲ್ಲಿ ನಾನು ಕಂಡದ್ದು ಇಂಥದ್ದೇ ಒಂದು ಜೀಪು. ಮಾಲಕರು ಲಿಂಗಸುಗೂರಿನ ಕಡೆಯವರು, ನನಗೆ ಪರಿಚಯದವರು. ಡ್ರೈವರ್ ಸಿಂಧನೂರು ಹತ್ತಿರದ ಒಂದು ಕ್ಯಾಂಪಿನ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ನಾನು ಆಗಾಗ ಆ ಜೀಪಿನಲ್ಲಿ ಬರ್ತಿದ್ದೆ.

ಮಾಲಕರು ಲೆಕ್ಕದ ಮನುಷ್ಯ. ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್, ಎಷ್ಟು ಲೀಟರ್ ಎಲ್ಲ ಡೈರಿಯಲ್ಲಿ. ಮೂರು ವಾರದ ಲೆಕ್ಕ ಕೂಡಿ ಕಳೆದಾಗ ಆರು ಲೀಟರ್ ಡೀಸೆಲ್ ತಾಳೆ ಆಗಲಿಲ್ಲ. ಐನೂರು ಚಿಲ್ಲರೆ ರೂಪಾಯಿ. ಜೀಪಿನ ಕೆಳಗೆ ಬಗ್ಗಿ ನೋಡಿದ್ದಾರೆ, ಒಂದು ಹನಿ ಇಲ್ಲ. ಟ್ಯಾಂಕು, ಪೈಪು ಎಲ್ಲ ಒಣ. ಸೋರಿಲ್ಲ ಅಂದ ಮೇಲೆ ಯಾರೋ ತೆಗೆದಿರಬೇಕು. ಯಾರೋ ಅಂದರೆ ಯಾರು? ಕೀಲಿಕೈ ಯಾರ ಹತ್ರ ಇದೆಯೋ ಅವನು. ಲಿಂಗಸುಗೂರಿನ ಒಂದು ಚಹಾದ ಹೋಟೆಲಿನ ಮುಂದೆ ಏಳೆಂಟು ಜನ ಇದ್ದಾಗ ಹೇಳಿದರು, ‘ಗಾಡಿ ಕುಡಿಯೂದಿಲ್ರೀ ಅಷ್ಟು. ಈ ಮಗ ಕುಡಿಯಾಕತ್ತಾನ.’ ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ, ಮಾತಾಡಲೂ ಇಲ್ಲ. ಆ ತಿಂಗಳ ಪಗಾರದಲ್ಲಿ ಐನೂರು ರೂಪಾಯಿ ಹಿಡಿದುಕೊಂಡರು.

ಇದಾಗಿ ನಾಲ್ಕೈದು ದಿನಕ್ಕೆ ನಾವು ಸಿಂಧನೂರಿಗೆ ಹೊರಟಿದ್ದೆವು. ಮಾಲಕರೂ ಇದ್ದರು. ಮಸ್ಕಿ ಇನ್ನೇನು ಬಂತು ಅನ್ನುವಾಗ ಆಯಿಲ್ ಪ್ರೆಶರಿನ ಮುಳ್ಳು ಇಳಿದದ್ದನ್ನು ಹುಡುಗ ನೋಡಿ, ಗಾಡಿ ಪಕ್ಕಕ್ಕೆ ಹಾಕಿ ಬಂದ್ ಮಾಡಿದ. ಇನ್ನು ಒಂದು ಮೈಲಿ ಓಡಿಸಿದ್ದರೆ ಎಂಜಿನ್ ಕಥೆ ಏನಾಗ್ತಿತ್ತೋ. ಹಗ್ಗ ಕಟ್ಟಿ ಎಳೆಸಿ ಮಸ್ಕಿಯ ಒಂದು ಗ್ಯಾರೇಜಿಗೆ ತಂದೆವು.

ಮಿಸ್ತ್ರಿ ವಯಸ್ಸಾದವರು. ಬಾನೆಟ್ ಎತ್ತಿದವರೇ ಡಿಪ್ ಸ್ಟಿಕ್ ಎಳೆದರು. ಮೇಲಿನ ಗೆರೆಗಿಂತ ಬಹಳ ಮೇಲೆ ಆಯಿಲ್. ಬೆರಳಿನಲ್ಲಿ ತಿಕ್ಕಿದರು, ಮೂಸಿದರು. ಹಳೆ ಪೇಪರಿನ ಮೇಲೆ ಒಂದು ಹನಿ ಬಿಟ್ಟರು. ನಡುವೆ ಕಪ್ಪು ಚುಕ್ಕೆ, ಸುತ್ತ ಅಗಲವಾಗಿ ಹರಡಿದ ತೆಳು ಉಂಗುರ. ‘ಡೀಸೆಲ್ ಐತ್ರಿ ಇದ್ರಾಗ. ಯಾವಾಗಿಂದ ಆಯಿಲ್ ಹಾಕಿಲ್ಲ?’ ಅಂದರು. ವಾರಕ್ಕೆ ಒಂದು ಲೀಟರ್ ಆಯಿಲ್ ತಿನ್ನುತ್ತಿದ್ದ ಎಂಜಿನ್ನು ತಿಂಗಳಿಂದ ಕೇಳಿಲ್ಲ ಅಂತ ಹುಡುಗ ಹೇಳಿದ. ಮಾಲಕರು ಹೌದು ಅಂದರು. ಅವರ ಡೈರಿಯಲ್ಲಿ ಅದು ಉಳಿತಾಯದ ಕಡೆ ಬರೆದಿತ್ತು.

ಫೀಡ್ ಪಂಪ್ ಬಿಚ್ಚಿದರು. ಕೆಲವು ಹಳೆ ಎಂಜಿನ್ನುಗಳಲ್ಲಿ ಈ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತೆ, ಒಳಗೆ ರಬ್ಬರಿನಂಥ ಒಂದು ಪರದೆ ಮೇಲೆ ಕೆಳಗೆ ಆಡುತ್ತೆ. ಪರದೆಯ ಆಚೆ ಡೀಸೆಲ್, ಈಚೆ ಎಂಜಿನ್ ಆಯಿಲ್. ಪರದೆ ಒಂದಲ್ಲ ಒಂದು ದಿನ ಹರಿಯುತ್ತೆ ಅಂತ ಮಾಡಿದವರಿಗೆ ಗೊತ್ತು. ಅದಕ್ಕೇ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಪರದೆ ಹರಿದರೆ ಡೀಸೆಲ್ ಆಯಿಲ್ ಕಡೆ ಹೋಗೋ ಮೊದಲು ಆ ತೂತಿನಿಂದ ಹೊರಗೆ ಹನಿಯಲಿ, ನೋಡಿದವರಿಗೆ ಗೊತ್ತಾಗಲಿ ಅಂತ. ಇಂಗ್ಲಿಷಿನಲ್ಲಿ ಅದನ್ನು ವೀಪ್ ಹೋಲ್ ಅಂತಾರೆ. ಅಳುವ ತೂತು.

ಮಿಸ್ತ್ರಿ ಪಂಪನ್ನು ತಿರುಗಿಸಿ ಬಟ್ಟೆಯಲ್ಲಿ ಒರೆಸಿ ನಮ್ಮ ಮುಂದೆ ಹಿಡಿದರು. ತೂತಿನ ಜಾಗದಲ್ಲಿ ಬೂದುಬಣ್ಣದ ಗಂಟು. ಎಂ-ಸೀಲ್.

‘ಇದನ್ನ ಯಾರ್ ಮುಚ್ಚಿದ್ರು?’

ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನೇ ನಿಧಾನಕ್ಕೆ ಹೇಳಿದ. ಎರಡು ತಿಂಗಳ ಹಿಂದೆ ಪಂಪಿನ ಹತ್ರ ಹನಿ ಬೀಳೋದನ್ನು ಅವನೇ ನೋಡಿ ಮಾಲಕರಿಗೆ ಹೇಳಿದ್ದ. ಅವರು ‘ಅಂಗಳ ಹೊಲಸಾಗತೈತಿ, ಬಂದ್ ಮಾಡಿಸು’ ಅಂದಿದ್ದರು. ಬೇರೊಂದು ಕಡೆ ತೋರಿಸಿದಾಗ ಅವರು ಎಂ-ಸೀಲ್ ಮೆತ್ತಿ ಕಳಿಸಿದ್ದರು. ಹನಿ ನಿಂತಿತು. ಎಲ್ಲರಿಗೂ ಸಮಾಧಾನ.

ಈಗ ಪ್ರಶ್ನೆಗೆ ಬರ್ತೀನಿ. ಆ ಹುಡುಗನಿಗೆ ಕಳ್ಳ ಅನ್ನೋ ಹೆಸರು ಬಂತಲ್ಲ, ಅದಕ್ಕೆ ಯಾರು ಹೊಣೆ?

ಮಾಲಕರು ಅನ್ನೋದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಡೀಸೆಲ್ ಕದಿಯೋದು ಲೋಕದಲ್ಲಿ ಇಲ್ಲದ ಮಾತಲ್ಲ. ಲೆಕ್ಕ ಇಡೋದು ತಪ್ಪಲ್ಲ. ಅವರ ಲೆಕ್ಕವೂ ಸರಿಯಾಗಿತ್ತು. ಆರು ಲೀಟರ್ ನಿಜವಾಗಿಯೂ ಹೋಗಿತ್ತು. ಎಡವಿದ್ದು ಲೆಕ್ಕದ ಮುಂದಿನ ಹೆಜ್ಜೆಯಲ್ಲಿ. ಕಳೆಯುವ ಲೆಕ್ಕ ಎಷ್ಟು ಹೋಯ್ತು ಅಂತ ಹೇಳುತ್ತೆ, ಎಲ್ಲಿಗೆ ಹೋಯ್ತು ಅಂತ ಹೇಳೋದಿಲ್ಲ. ನಾವು ಮಾತ್ರ ಉತ್ತರ ಬಂದ ಕೂಡಲೇ ಅದರ ಪಕ್ಕ ಒಂದು ಹೆಸರು ಬರೆದುಬಿಡ್ತೀವಿ. ಆ ಹೆಸರು ಯಾವಾಗಲೂ ಕೆಳಗಿನವರದ್ದೇ ಆಗಿರುತ್ತೆ, ಹನಿ ಕೆಳಗಿನ ಬೋಲ್ಟಿನಿಂದಲೇ ಬೀಳುವ ಹಾಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಗಾದೆ ಮಾಡಿದವರು ಈ ಇಳಿಜಾರನ್ನು ನೋಡಿಯೇ ಮಾಡಿರಬೇಕು.

ಹಾಗಾದರೆ ಎಂ-ಸೀಲ್ ಮೆತ್ತಿದವರು? ಅವರಿಗೆ ಈ ಹುಡುಗನ ಮೇಲೆ ಯಾವ ಹಗೆಯೂ ಇರಲಿಲ್ಲ. ಗಿರಾಕಿ ಕೇಳಿದ್ದು ಹನಿ ನಿಲ್ಲಿಸು ಅಂತ, ನಿಲ್ಲಿಸಿದರು. ಕೇಳಿದ್ದನ್ನು ಕೊಟ್ಟವನದ್ದು ತಪ್ಪು ಅನ್ನೋಕೆ ಆಗುತ್ತಾ? ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ, ಆಗುತ್ತೆ. ಕೆಲಸ ಬಲ್ಲವನ ಹೊಣೆ ಗಿರಾಕಿಯ ಮಾತಿಗೆ ಮುಗಿಯೋದಿಲ್ಲ. ಗಿರಾಕಿಗೆ ಗೊತ್ತಿಲ್ಲದ್ದು ಇವನಿಗೆ ಗೊತ್ತಿರುತ್ತೆ, ಅದಕ್ಕೇ ತಾನೇ ಇವನ ಹತ್ರ ಬಂದದ್ದು? ಪಂಪು ಮಾಡಿದವರು ಸುಮ್ಮನೆ ತೂತು ಕೊರೆಯೋದಿಲ್ಲ. ತೂತು ಮುಚ್ಚೋ ಮುಂಚೆ ‘ಇದು ಯಾಕಿದೆ?’ ಅಂತ ಒಮ್ಮೆ ಕೇಳಿಕೊಳ್ಳೋದು ಅವನ ಕೆಲಸದ ಭಾಗ. ಕೇಳಿಕೊಳ್ಳದೆ ಮುಚ್ಚಿದರೆ ಅದರಿಂದ ಆಗೋದು ತನಗೆ ಗೊತ್ತಿರಲಿಲ್ಲ ಅನ್ನೋ ಮಾತಿಗೆ ಬೆಲೆ ಇಲ್ಲ.

ಒಬ್ಬ ಕೆಟ್ಟ ಮನುಷ್ಯನೂ ಇಲ್ಲದೆ ಒಂದು ಕೆಟ್ಟ ಕೆಲಸ ನಡೆದುಹೋಗಬಹುದು. ಇದನ್ನು ಒಪ್ಪಿಕೊಳ್ಳೋದು ನಮಗೆ ಕಷ್ಟ, ಯಾಕಂದರೆ ಕೆಟ್ಟದ್ದು ನಡೆದರೆ ಒಬ್ಬ ಕೆಟ್ಟವನು ಬೇಕೇ ಬೇಕು ಅಂತ ನಮ್ಮ ಕಥೆಗಳು, ಸಿನಿಮಾಗಳು ರೂಢಿ ಮಾಡಿಸಿವೆ. ಇಲ್ಲಿ ಯಾರೂ ಸಿಗೋದಿಲ್ಲ. ಒಬ್ಬರಿಗೆ ಅಂಗಳ ಸ್ವಚ್ಛ ಬೇಕಿತ್ತು, ಇನ್ನೊಬ್ಬರಿಗೆ ಕೆಲಸ ಬೇಗ ಮುಗೀಬೇಕಿತ್ತು. ಇಬ್ಬರ ಸಣ್ಣ ಅನುಕೂಲ ಸೇರಿ ಮೂರನೆಯವನ ಮಾನ ಹೋಯ್ತು.

ಇನ್ನೊಂದು ಮಾತು. ಆ ಗಾಡಿಯಲ್ಲಿ ಎರಡು ಬಾಯಿ ಸತ್ಯ ಹೇಳಿದ್ದವು, ಒಂದು ಪಂಪಿನ ತೂತು, ಇನ್ನೊಂದು ಡ್ರೈವರ್. ಹನಿ ಬೀಳ್ತಿದೆ ಅಂತ ಅವನು ಮೊದಲೇ ಹೇಳಿದ್ದ. ಒಂದಕ್ಕೆ ಎಂ-ಸೀಲ್ ಹಾಕಿದರು, ಇನ್ನೊಂದಕ್ಕೆ ಕಳ್ಳ ಅಂದರು. ಹೋಟೆಲಿನ ಮುಂದೆ ಯಾಕೆ ಸುಮ್ಮನಿದ್ದೆ ಅಂತ ನಾನು ಕೇಳಿದಾಗ ಅವನು ಹೇಳಿದ್ದು, ‘ಮೊದ್ಲ ಹೇಳಿದಾಗ ಬಂದ್ ಮಾಡ್ಸು ಅಂದ್ರು. ಮತ್ತ ಏನಂತ ಹೇಳ್ಲಿ ಸರ್?’

ಕಟ್ಟೋದು ಬಲ್ಲವರು ಅಳುವ ತೂತನ್ನು ಎಲ್ಲ ಕಡೆ ಬಿಡ್ತಾರೆ. ರಸ್ತೆ ಪಕ್ಕದ ತಡೆಗೋಡೆಗಳಲ್ಲಿ ಸಾಲಾಗಿ ಪೈಪಿನ ತುದಿ ಕಾಣ್ತಾವಲ್ಲ, ಅವೇ. ಹಿಂದಿನ ಮಣ್ಣು ಕುಡಿದ ನೀರು ಅಲ್ಲಿಂದ ಹೊರಗೆ ಬರದಿದ್ದರೆ ಗೋಡೆಯನ್ನೇ ತಳ್ಳಿಬಿಡುತ್ತೆ. ದೊಡ್ಡ ಅಣೆಕಟ್ಟುಗಳ ಹೊಟ್ಟೆಯಲ್ಲಿ ಓಡಾಡೋ ಸುರಂಗ ಇರುತ್ತೆ. ಕಟ್ಟಡದೊಳಗೆ ಜಿನುಗಿದ ನೀರನ್ನು ಅಲ್ಲಿ ಕೂಡಿಸಿ ಎಷ್ಟು ಬಂತು ಅಂತ ಅಳೆದು ಬರೆದಿಡ್ತಾರೆ. ಅಣೆಕಟ್ಟು ಜಿನುಗೋದು ಎಂಜಿನಿಯರುಗಳಿಗೆ ಆಶ್ಚರ್ಯದ ವಿಷಯ ಅಲ್ಲ. ದಿನಾ ಬರ್ತಿದ್ದ ಜಿನುಗು ಇದ್ದಕ್ಕಿದ್ದಂತೆ ಹೆಚ್ಚಾದರೆ ಹೇಗೋ ಹಾಗೇ, ಇದ್ದಕ್ಕಿದ್ದಂತೆ ನಿಂತರೂ ಯಾಕೆ ಅಂತ ಕೇಳ್ತಾರೆ. ಒಣಗಿದ್ದೆಲ್ಲ ಗಟ್ಟಿ ಅಂತ ಅವರು ನಂಬೋದಿಲ್ಲ.

ಸಿಂಧನೂರಿನವರಿಗೆ ಅಣೆಕಟ್ಟು ಅಂದರೆ ತುಂಗಭದ್ರಾ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಡೀ ಎಡದಂಡೆ ನಿದ್ದೆಗೆಟ್ಟಿತು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ವಾರದೊಳಗೆ ನಿಲ್ಲಿಸಿದರು. ಆ ಕೆಲಸಕ್ಕೆ ಮಾರ್ಗದರ್ಶನ ಮಾಡಿದ ಕನ್ನಯ್ಯ ನಾಯ್ಡು ಅವರ ಹೆಸರು ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬಂತು. ಅಂಥ ಸೋರಿಕೆ ಒಂದು ಲೆಕ್ಕದಲ್ಲಿ ಪುಣ್ಯವಂತ ಸೋರಿಕೆ. ಅದಕ್ಕೆ ಸಾವಿರಾರು ಸಾಕ್ಷಿ, ಟಿವಿ, ಕ್ರೇನು, ಮಂತ್ರಿಗಳು. ಅದೇ ನೀರು ಕಾಲುವೆಯ ಮೇಲ್ಭಾಗದಲ್ಲೇ ಕರಗಿ ಕೊನೆಭಾಗದ ಹೊಲಕ್ಕೆ ಮುಟ್ಟದೇ ಇರೋದು ವರ್ಷವರ್ಷದ ಸೋರಿಕೆ. ಅದಕ್ಕೆ ಕ್ರೇನ್ ಬರೋದಿಲ್ಲ. ಕೊನೆಭಾಗದ ರೈತ ಸಿಟ್ಟಿನಿಂದ ಬೈಯೋದು ಯಾರನ್ನ? ತೂಬಿನ ಹತ್ರ ನಿಂತ ದಿನಗೂಲಿ ಗ್ಯಾಂಗ್‌ಮನ್‌ನನ್ನು. ಅವನೂ ಕೆಳಗಿನ ಬೋಲ್ಟೇ.

ಹಾಗಂತ ತೂತು ತೆರೆದಿಟ್ಟರೆ ಎಲ್ಲ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ಡೀಸೆಲ್ ರಸ್ತೆಗೆ ಬಿದ್ದರೆ ಹಿಂದೆ ಬರೋ ಬೈಕಿನವನು ಜಾರಿ ಬೀಳ್ತಾನೆ. ಹನಿ ಬೀಳ್ತಿದೆ, ಬೀಳಲಿ ಬಿಡು ಅನ್ನೋದೂ ಬೇಜವಾಬ್ದಾರಿಯೇ. ಎಷ್ಟೋ ಆಫೀಸುಗಳಲ್ಲಿ ದೂರುಪೆಟ್ಟಿಗೆ ತೆರೆದೇ ಇರುತ್ತೆ, ಬೀಗದ ಕೀಲಿ ಎಲ್ಲಿದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಅಳುವ ತೂತಿಗೆ ನೋಡುವ ಕಣ್ಣು ಜೊತೆಗಿರಬೇಕು. ಹನಿ ಕಂಡ ದಿನವೇ ಪರದೆ ಬದಲಾಯಿಸಿದ್ದರೆ ಆಯಿಲ್ ಕೆಡ್ತಿರಲಿಲ್ಲ, ರಸ್ತೆಯೂ ಹಸಿ ಆಗ್ತಿರಲಿಲ್ಲ, ಹುಡುಗನೂ ಕಳ್ಳ ಆಗ್ತಿರಲಿಲ್ಲ. ಆಳು, ಮಗು, ಸೊಸೆ, ವಿದ್ಯಾರ್ಥಿ, ಯಾರೇ ಆಗಲಿ ಗೊಣಗೋದನ್ನು ನಿಲ್ಲಿಸಿದರೆ ‘ಈಗ ಸುಧಾರಿಸಿದ್ದಾರೆ’ ಅಂತ ನೆಮ್ಮದಿ ಪಡೋರು ಒಮ್ಮೆ ಡಿಪ್ ಸ್ಟಿಕ್ ಎಳೆದು ನೋಡಬೇಕು. ಮಟ್ಟ ಏರಿರಬಹುದು.

ಕೊನೆಯದಾಗಿ ರಿಪೇರಿಯ ಮಾತು. ಜೀಪಿನದ್ದು ಅವತ್ತೇ ಸಂಜೆಗೆ ಮುಗೀತು. ಹೊಸ ಪರದೆ, ತೂತಿನ ಎಂ-ಸೀಲ್ ಕೆರೆದು ತಂತಿ ಹಾಕಿ ಬಿಡಿಸಿದ್ದು, ಕೆಟ್ಟ ಆಯಿಲ್ ಚೆಲ್ಲಿ ಹೊಸ ಆಯಿಲ್, ಹೊಸ ಫಿಲ್ಟರ್, ಗಾಳಿ ತೆಗೆದು ಚಾಲೂ. ಮಾಲಕರು ಒಳ್ಳೆಯವರು, ಮುಂದಿನ ಪಗಾರದಲ್ಲಿ ಐನೂರು ರೂಪಾಯಿ ವಾಪಸ್ ಸೇರಿಸಿದರು. ಲೆಕ್ಕ ಚುಕ್ತಾ ಅಂತ ಅವರ ಡೈರಿ ಹೇಳುತ್ತೆ. ಹುಡುಗನನ್ನು ಕೇಳಿದರೆ, ‘ರೊಕ್ಕ ಬಂತ್ರಿ. ಆದ್ರ ಆ ಹೋಟೆಲಿಗೆ ಹೋಗಂಗಿಲ್ಲ ನಾ’ ಅಂತಾನೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆಡಿದ ಮಾತನ್ನು ತಿರುಗಿ ಬಾಯೊಳಗೆ ಹಾಕಿಕೊಳ್ಳೋಕೆ ಆಗೋದಿಲ್ಲ ಸರಿ, ಅದೇ ಜಾಗದಲ್ಲಿ ಇನ್ನೊಂದು ಮಾತು ಆಡೋಕಂತೂ ಆಗುತ್ತಲ್ಲ?

ಆ ಗ್ಯಾರೇಜಿರೋ ಊರಿನಲ್ಲೇ ಒಂದು ಬಂಡೆ ಇದೆ, ಮಸ್ಕಿಯ ಅಶೋಕನ ಶಾಸನ. 1915ರಲ್ಲಿ ಚಿನ್ನದ ಗಣಿ ಕೆಲಸದ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿತ್ತು. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಮೊದಲು ಖಚಿತ ಆದದ್ದು ಅದರಿಂದ. ಧರ್ಮದ ದಾರಿ ದೊಡ್ಡವರಿಗಷ್ಟೇ ಅಂತ ತಿಳಿಯಬೇಡಿ, ಸಣ್ಣವರೂ ಅದನ್ನು ಮುಟ್ಟಬಲ್ಲರು ಅನ್ನೋ ಅರ್ಥದ ಮಾತು ಅದರಲ್ಲಿದೆ. ಅದೇ ಅಶೋಕ ಕಳಿಂಗದಲ್ಲಿ ತಾನು ಮಾಡಿದ ಹತ್ಯೆಗೆ ವಿಷಾದಪಟ್ಟು ಬರೆಸಿದ ಶಾಸನ ನಮ್ಮ ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ, ಈಗ ಪಾಕಿಸ್ತಾನದಲ್ಲಿರೋ ಶಹಬಾಜ್‌ಗಢಿಯಲ್ಲೂ ಇದೆ. ಇಲ್ಲದೇ ಇರೋದು ಕಳಿಂಗದಲ್ಲಿ. ಧೌಲಿ, ಜೌಗಡದ ಬಂಡೆಗಳಲ್ಲಿ ಆ ಭಾಗ ಬಿಟ್ಟು ಬೇರೆ ಆಜ್ಞೆಗಳನ್ನು ಕೆತ್ತಿಸಿದ್ದಾರೆ. ಅದಕ್ಕೆ ರಾಜಕಾರಣದ ಕಾರಣಗಳು ಇರಬಹುದು. ಆದರೂ ನೋಯಿಸಿದ ಜಾಗದಲ್ಲಿ ನಿಂತು ಹೇಳೋದು ಚಕ್ರವರ್ತಿಗೂ ಎಷ್ಟು ಕಷ್ಟ ನೋಡಿ.

ಚಕ್ರವರ್ತಿಗಿಂತ ನಮ್ಮ ಮಾಲಕರಿಗೆ ಇದು ಸುಲಭ. ಕಲ್ಲು ಕೆತ್ತಿಸಬೇಕಿಲ್ಲ. ಅದೇ ಹೋಟೆಲಿಗೆ ಹುಡುಗನನ್ನು ಕರಕೊಂಡು ಹೋಗಿ, ಅದೇ ಏಳೆಂಟು ಜನ ಇರೋ ಹೊತ್ತು ನೋಡಿ, ‘ಗಾಡಿದ್ದ ತಪ್ಪಿತ್ತು, ಇವಂದಲ್ಲ’ ಅಂತ ಒಂದು ಮಾತು. ಎರಡು ಚಹಾದ ಖರ್ಚು. ಇದನ್ನು ಅವರಿಗೆ ಹೇಳಿದ್ದೀನಿ. ‘ನೋಡೂಣ್ರಿ’ ಅಂದಿದ್ದಾರೆ. ಪಂಪಿನ ತೂತು ಮಾತ್ರ ಈಗ ತೆರೆದೇ ಇದೆ. ಹುಡುಗ ದಿನಾ ಬೆಳಿಗ್ಗೆ ಅಲ್ಲಿಗೆ ಬೆರಳು ಮುಟ್ಟಿಸಿ ನೋಡಿ ಆಮೇಲೆ ಗಾಡಿ ತೆಗೀತಾನೆ.